ಸಾಲ್ಮನ್ ಮೀನೂ ಮೀನುಗಾರನ ಅನ್ನವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2023, 2024 ಮತ್ತು 2025ನೆಯ ವರ್ಷಗಳಲ್ಲಿ, ಒಂದರ ಮೇಲೊಂದರಂತೆ, ಸಮುದ್ರದಲ್ಲಿ ವ್ಯಾಪಾರಕ್ಕಾಗಿ ಸಾಲ್ಮನ್ ಮೀನು ಹಿಡಿಯುವುದು ಸಂಪೂರ್ಣವಾಗಿ ನಿಷೇಧಿಸಲ್ಪಟ್ಟಿತು. 2008 ಮತ್ತು 2009ರಲ್ಲಿಯೂ ಇಂಥದೇ ನಿಷೇಧವಿದ್ದಿತು. ಫೋರ್ಟ್ ಬ್ರಾಗ್, ಬೊಡೇಗ ಬೇ, ಹಾಫ್ ಮೂನ್ ಬೇ ಮೊದಲಾದ ಸಣ್ಣ ಬಂದರುಗಳಲ್ಲಿ ಈ ಮೀನನ್ನೇ ನಂಬಿದ್ದವರು ದೋಣಿಗಳನ್ನು ಕಟ್ಟಿಹಾಕಿ ಕುಳಿತರು. ಮೀನಿನ ಸಂತತಿ ಕ್ಷೀಣಿಸಿದೆ, ಆದುದರಿಂದ ಹಿಡಿಯುವುದನ್ನು ನಿಲ್ಲಿಸಬೇಕು ಎಂಬ ವಾದ ಮೇಲ್ನೋಟಕ್ಕೆ ನಿರ್ವಿವಾದವಾದುದು. ಆದರೆ ಮೀನು ಕ್ಷೀಣಿಸಿದುದು ಮೀನುಗಾರನ ಗಾಳದಿಂದಲೇ? ಈ ಪ್ರಶ್ನೆಯನ್ನು ಕೇಳದೆ ಶಿಕ್ಷೆಯನ್ನು ಮಾತ್ರ ವಿಧಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಸಾಲ್ಮನ್ ಎಂಬುದು ಎರಡು ಲೋಕಗಳ ಜೀವಿ. ನಮ್ಮ ಕರಾವಳಿಯ ಮಾರುಕಟ್ಟೆಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಕರೆಸಿಕೊಳ್ಳುವ ರಾವಸ ಮೀನಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ನಿಜವಾದ ಸಾಲ್ಮನ್ ನದಿಯ ತಣ್ಣೀರಿನಲ್ಲಿ, ನುರುಜುಗಲ್ಲುಗಳ ನಡುವೆ ಹುಟ್ಟುತ್ತದೆ. ಮರಿಯಾಗಿದ್ದಾಗಲೇ ಹೊಳೆಯ ಜೊತೆ ಸಾಗಿ ಕಡಲನ್ನು ಸೇರುತ್ತದೆ. ಅಲ್ಲಿ ಕೆಲವು ವರ್ಷ ಬೆಳೆದು, ಮೊಟ್ಟೆಯಿಡುವುದಕ್ಕಾಗಿ ಸಾಮಾನ್ಯವಾಗಿ ತಾನು ಹುಟ್ಟಿದ ಹೊಳೆಗೇ ಹಿಂದಿರುಗುತ್ತದೆ. ಶಾಂತಸಾಗರದ ಸಾಲ್ಮನ್‌ಗಳಲ್ಲೆಲ್ಲ ದೊಡ್ಡದಾದ ಚಿನೂಕ್ ಜಾತಿಯ ಮೀನು ಹೀಗೆ ಹಿಂದಿರುಗಿ ಒಮ್ಮೆ ಮೊಟ್ಟೆಯಿಟ್ಟೊಡನೆ ಸಾಯುತ್ತದೆ. ಆದುದರಿಂದ ಕಡಲಿನಲ್ಲಿ ಎಷ್ಟು ಮೀನು ಇರುವುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡು ಮೂರು ವರ್ಷಗಳ ಹಿಂದೆ ನದಿ ಹೇಗಿದ್ದಿತು ಎಂಬುದೇ.

ನದಿ ಹೇಗಿರಬೇಕು? ಇದಕ್ಕೆ ಉತ್ತರ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ. ಅನಿಲಗಳು ತಣ್ಣೀರಿನಲ್ಲಿ ಹೆಚ್ಚಾಗಿಯೂ ಬೆಚ್ಚನೆಯ ನೀರಿನಲ್ಲಿ ಕಡಮೆಯಾಗಿಯೂ ವಿಲೀನವಾಗುತ್ತವೆ. ಗಾಳಿಯ ಸಂಪರ್ಕದಲ್ಲಿರುವ ಒಂದು ಲೀಟರು ಶುದ್ಧ ನೀರು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 9.1 ಮಿಲಿಗ್ರಾಂ ಮಾತ್ರ. ಇತ್ತ ಉಷ್ಣತೆ ಏರಿದಂತೆಲ್ಲ ಮೊಟ್ಟೆಯೊಳಗಿನ ಭ್ರೂಣಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಬೇಡಿಕೆ ಏರುವಾಗ ಪೂರೈಕೆ ಇಳಿಯುತ್ತದೆ! ನೀರು ಸುಮಾರು 12–13 ಡಿಗ್ರಿಯನ್ನು ಮೀರಿತೆಂದರೆ ಚಿನೂಕ್ ಮೊಟ್ಟೆಗಳಿಗೆ ಅಪಾಯ ಆರಂಭವಾಯಿತೆಂದೇ ತಿಳಿಯಬೇಕು.

ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನದಿಯಲ್ಲಿ ನಡೆದುದನ್ನು ನೋಡೋಣ. ಇಲ್ಲಿ ‘ಚಳಿಗಾಲದ ದಂಡು’ ಎಂದು ಹೆಸರಾದ ಚಿನೂಕ್ ಮೀನುಗಳಿವೆ. ಇವು ಚಳಿಗಾಲದಲ್ಲಿ ನದಿಯನ್ನು ಹೊಕ್ಕರೂ ಮೊಟ್ಟೆಯಿಡುವುದು ಬೇಸಗೆಯಲ್ಲಿ. ಹಿಂದೆ ಇವು ಮಲೆನಾಡನ್ನೇರಿ, ಬೇಸಗೆಯಲ್ಲಿಯೂ ತಣ್ಣಗಿರುವ ಬುಗ್ಗೆಗಳ ನೀರಿನಲ್ಲಿ ಮೊಟ್ಟೆಯಿಡುತ್ತಿದ್ದುವು. 1945ರಲ್ಲಿ ಪೂರ್ಣಗೊಂಡ, ಸುಮಾರು 183 ಮೀಟರು ಎತ್ತರದ ಶಾಸ್ತಾ ಅಣೆಕಟ್ಟು ಆ ದಾರಿಯನ್ನು ಮುಚ್ಚಿಬಿಟ್ಟಿತು. ಈಗ ಅವು ಅಣೆಕಟ್ಟಿನ ಕೆಳಗಿನ ಬಿಸಿಯಾದ ಕಣಿವೆಯಲ್ಲಿಯೇ ಮೊಟ್ಟೆಯಿಡಬೇಕಾಗಿದೆ.

ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಪರಮಾವಧಿಯನ್ನು ಮುಟ್ಟುತ್ತದೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಬೇಸಗೆಯಲ್ಲಿ ಜಲಾಶಯದ ಮೇಲಿನ ನೀರು ಕಾದು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ತಣ್ಣೀರು ತಳದಲ್ಲಿ ಉಳಿಯುತ್ತದೆ. ಈ ತತ್ತ್ವವನ್ನು ಬಳಸಿಕೊಂಡು, ಬೇಕಾದ ಆಳದಿಂದ ನೀರನ್ನು ಸೆಳೆದು ವಿದ್ಯುದಾಗಾರದ ಮೂಲಕ ನದಿಗೆ ಬಿಡುವ ಏರ್ಪಾಡನ್ನು 1997ರಲ್ಲಿ ಶಾಸ್ತಾದಲ್ಲಿ ಮಾಡಲಾಯಿತು. ಇದು ಉತ್ತಮವಾದ ಉಪಾಯವೇ ಸರಿ. ಆದರೆ ತಳದಲ್ಲಿ ತಣ್ಣೀರೇ ಉಳಿಯದಿದ್ದರೆ ಯಾವ ಯಂತ್ರ ಏನು ಮಾಡೀತು? 2014 ಮತ್ತು 2015ರ ಬರಗಾಲದಲ್ಲಿ ತಣ್ಣೀರಿನ ಸಂಗ್ರಹ ಸಾಲದೆ ಹೋಯಿತು. ಆ ಎರಡು ವರ್ಷಗಳಲ್ಲಿ ಈ ದಂಡಿನ ಮೊಟ್ಟೆಗಳಲ್ಲಿ ಮರಿಯಾಗಿ ಕೆಳಕ್ಕೆ ಈಜಿ ಬಂದುವು ನೂರಕ್ಕೆ ಹತ್ತಕ್ಕಿಂತಲೂ ಕಡಮೆ. ಇವನ್ನು ಕೊಂದುದು ಗಾಳವಲ್ಲ, ಉಷ್ಣತೆ.

ಇನ್ನೊಂದು ನಿದರ್ಶನ ಆ ರಾಜ್ಯದ ಉತ್ತರ ಭಾಗದ ಕ್ಲಾಮತ್ ನದಿಯದು. 2001ರ ಬರದಲ್ಲಿ ಮೀನುಗಳ ರಕ್ಷಣೆಗಾಗಿ ರೈತರ ಕಾಲುವೆಗಳಿಗೆ ನೀರನ್ನು ನಿಲ್ಲಿಸಲಾಯಿತು, ರೈತರು ಕನಲಿದರು. ಮರುವರ್ಷ ರೈತರಿಗೆ ನೀರು ದೊರೆಯಿತು; ನದಿ ಬಡವಾಯಿತು. 2002ರ ಸೆಪ್ಟೆಂಬರಿನಲ್ಲಿ, ಕಡಮೆಯಾಗಿ ಬೆಚ್ಚಗಾದ ನೀರಿನಲ್ಲಿ ಒತ್ತಾಗಿ ಸೇರಿದ್ದ ಮೀನುಗಳಿಗೆ ಕಿವಿರಿನ ರೋಗ ತಗುಲಿ, ಸುಮಾರು 34,000 ಮೀನುಗಳು ಮೊಟ್ಟೆಯಿಡುವುದಕ್ಕೆ ಮುನ್ನವೇ ಸತ್ತುವು. 2006ರಲ್ಲಿ ಕ್ಲಾಮತ್ ಮೀನು ತೀರ ವಿರಳವಾಗಿದ್ದುದರಿಂದ ಆರೆಗನ್ ಮತ್ತು ಕ್ಯಾಲಿಫೋರ್ನಿಯ ತೀರದ ಉದ್ದಕ್ಕೂ ಮೀನುಗಾರಿಕೆಯನ್ನು ಬಹಳವಾಗಿ ಮೊಟಕು ಮಾಡಬೇಕಾಯಿತು. ನೀರು ಹಂಚಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು!

ಹಾಗೆಂದು ಮೀನುಗಾರಿಕೆಯೇ ನಿರ್ದೋಷಿ ಎಂದು ಹೇಳುವಂತಿಲ್ಲ. ಶಾಂತಸಾಗರದ ಸಾಲ್ಮನ್ನನ್ನು ಡಬ್ಬಿಯಲ್ಲಿ ತುಂಬುವ ಮೊದಲ ಕಾರ್ಖಾನೆ 1864ರಲ್ಲಿ ಸ್ಯಾಕ್ರಮೆಂಟೊ ನದಿಯ ದಡದಲ್ಲಿಯೇ ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಮಿತಿಯಿಲ್ಲದೆ ಮೀನು ಹಿಡಿದುದೂ ಉಂಟು. ಅಲ್ಲದೆ ಹಲವು ನದಿಗಳ ಮೀನುಗಳು ಕಡಲಿನಲ್ಲಿ ಬೆರೆತಿರುತ್ತವೆ. ಸಮೃದ್ಧವಾದ ನದಿಯ ಮೀನು ಯಾವುದು, ಅಳಿಯುತ್ತಿರುವ ನದಿಯ ಮೀನು ಯಾವುದು ಎಂಬುದನ್ನು ಗಾಳವು ಬಲ್ಲುದೇ? ಆದುದರಿಂದ ಸಂತತಿ ತೀರ ಇಳಿದಾಗ ನಿಷೇಧ ಅನಿವಾರ್ಯ. ನನ್ನ ಆಕ್ಷೇಪಣೆ ನಿಷೇಧದ ಮೇಲಲ್ಲ. ನಿಷೇಧವೊಂದೇ ಸಂರಕ್ಷಣೆಯೆಂದು ತಿಳಿದು ಸುಮ್ಮನಾಗುವುದರ ಮೇಲೆ. ದೋಣಿಗಳನ್ನು ನಿಲ್ಲಿಸುವುದು ಸುಲಭ. ಅವು ಕೆಲವೇ, ಕಣ್ಣಿಗೆ ಕಾಣುವಂಥವು. ಲಕ್ಷಾಂತರ ಎಕರೆಗಳ ನೀರಾವರಿಯನ್ನೂ ಮಹಾನಗರಗಳ ನಲ್ಲಿಗಳನ್ನೂ ಮುಟ್ಟುವುದು ಕಷ್ಟ. ಸುಲಭವಾದುದನ್ನು ಮಾತ್ರ ಮಾಡಿದರೆ ದೋಣಿಯೂ ಉಳಿಯದು, ಮೀನೂ ಉಳಿಯದು.

ಕಾಲುವೆಯ ರೈತನೂ ಅನ್ನಕ್ಕಾಗಿಯೇ ದುಡಿಯುವವನಲ್ಲವೇ ಎಂದು ಕೇಳಬಹುದು. ಅಹುದು. ಅವನನ್ನು ಶತ್ರುವೆಂದು ಎಣಿಸಬೇಕಾಗಿಲ್ಲ. ನದಿಯಿಂದ ಲಾಭ ಪಡೆಯುವವರೆಲ್ಲರೂ ನದಿಯ ನಷ್ಟದಲ್ಲಿಯೂ ಪಾಲುಗೊಳ್ಳಬೇಕು ಎಂಬುದಷ್ಟೇ ನನ್ನ ವಾದ.

ಇದು ಕೇವಲ ಆದರ್ಶವಲ್ಲವೆಂಬುದನ್ನು ಅದೇ ಕ್ಲಾಮತ್ ನದಿ ತೋರಿಸಿಕೊಟ್ಟಿದೆ. ಅದರ ಮೇಲಿದ್ದ ನಾಲ್ಕು ಅಣೆಕಟ್ಟುಗಳು ಸೇರಿ ಸುಮಾರು 160 ಮೆಗಾವಾಟ್ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಬಲ್ಲುವಾಗಿದ್ದುವು. ಅವುಗಳಿಗೆ ಮೀನಿನ ಮೆಟ್ಟಿಲುಗಳನ್ನು ಕಟ್ಟಿಸುವುದಕ್ಕಿಂತ ಅವನ್ನು ತೆಗೆದುಹಾಕುವುದೇ ಅಗ್ಗವೆಂದು ಲೆಕ್ಕದಿಂದ ತಿಳಿದುಬಂದಿತು. ನದಿಯ ಮೂಲನಿವಾಸಿಗಳಾದ ಯುರೊಕ್, ಕರುಕ್ ಮೊದಲಾದ ಜನಾಂಗಗಳು ಇದಕ್ಕಾಗಿ ಅನೇಕ ವರ್ಷ ಹೋರಾಡಿದುವು. 2024ರಲ್ಲಿ ನಾಲ್ಕನೆಯ ಅಣೆಕಟ್ಟೂ ಇಲ್ಲವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನಂತರ, ಅಣೆಕಟ್ಟುಗಳಿದ್ದ ಎಡೆಯನ್ನು ದಾಟಿ ಚಿನೂಕ್ ಮೀನು ಆರೆಗನ್ ರಾಜ್ಯದ ಹೊಳೆಯನ್ನು ಸೇರಿತು. ಎಲ್ಲ ಅಣೆಕಟ್ಟುಗಳನ್ನೂ ಒಡೆಯಬೇಕೆಂದು ಇದರ ಅರ್ಥವಲ್ಲ. ಪ್ರತಿಯೊಂದರ ಲಾಭನಷ್ಟಗಳನ್ನು ಪ್ರಾಮಾಣಿಕವಾಗಿ ತೂಗಬೇಕು. ತೂಗುವಾಗ ಕಡಲ ತೀರದವನ ನಷ್ಟವನ್ನೂ ತಟ್ಟೆಯಲ್ಲಿ ಇಡಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬರ ಬರುವುದಕ್ಕೆ ಮುಂಚೆಯೇ ಜಲಾಶಯದ ತಳದ ತಣ್ಣೀರಿನಲ್ಲಿ ಮೀನಿನ ಪಾಲನ್ನು ತೆಗೆದಿರಿಸಬೇಕು. ಎರಡನೆಯದಾಗಿ, ದೋಣಿಗಳನ್ನು ನಿಲ್ಲಿಸುವ ಆಜ್ಞೆಯ ಜೊತೆಯಲ್ಲಿಯೇ ನದಿಯನ್ನು ಸರಿಪಡಿಸುವ ಕಾರ್ಯಕ್ರಮವೂ ಅವಧಿಸಹಿತವಾಗಿ ಪ್ರಕಟವಾಗಬೇಕು. ಮೂರನೆಯದಾಗಿ, ಪರಿಹಾರ ಸಕಾಲದಲ್ಲಿ ಕೈಸೇರಬೇಕು. 2023ರ ನಷ್ಟಕ್ಕಾಗಿ ಸುಮಾರು 2 ಕೋಟಿ ಡಾಲರುಗಳನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿದುದು 2024ರಲ್ಲಿ. ದೋಣಿಯ ಸಾಲದ ಕಂತು ಅಷ್ಟು ಕಾಲ ಕಾಯುವುದಿಲ್ಲ.

ಕಾರಣವನ್ನು ಅಳೆದು, ಹೊಣೆಯನ್ನು ಆ ಅಳತೆಗೆ ತಕ್ಕಂತೆ ಹಂಚುವುದು ವೈಜ್ಞಾನಿಕ ಮನೋಭಾವದ ಲಕ್ಷಣ. ಮೀನು ಹಿಂದಿರುಗಿ ಬಂದಾಗ ಅದನ್ನು ಹಿಡಿಯಲು ಬಲ್ಲವರು ತೀರದಲ್ಲಿ ಯಾರೂ ಉಳಿದಿಲ್ಲವೆಂದಾದರೆ, ನಾವು ಸಂರಕ್ಷಿಸಿದುದು ಅರ್ಧವನ್ನು ಮಾತ್ರ.