ಮಳೆಯ ಲೆಕ್ಕಕ್ಕೆ ಯಂತ್ರದ ವೇಗವೊಂದೇ ಸಾಲದು

ಮಳೆ, ಪ್ರವಾಹ, ಸಾಗರದ ಹರಿವುಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮಾದರಿಗಳಲ್ಲಿ ಹೆಚ್ಚಿನವು ನಕ್ಷೆಯನ್ನು ಚೌಕಗಳಾಗಿ ವಿಂಗಡಿಸುತ್ತವೆ. ಹವಾಮಾನ ಮಾದರಿಯಲ್ಲಿ ಪ್ರತಿ ಚೌಕಕ್ಕೂ ಒಂದು ಉಷ್ಣಾಂಶ, ಒಂದು ಒತ್ತಡ, ಒಂದು ತೇವಾಂಶ ಇರುತ್ತದೆ. ಕೆಲವು ನಿಮಿಷಗಳ ನಂತರ ಅವು ಎಷ್ಟಾಗುತ್ತವೆ ಎಂಬುದನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕಲಾಗುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮುಂದುವರಿದರೆ ನಾಳಿನ ಮುನ್ಸೂಚನೆ ಸಿಗುತ್ತದೆ.

ಚೌಕ ದೊಡ್ಡದಾದಷ್ಟೂ ನೆಲದ ಏರಿಳಿತ ಮಸುಕಾಗುತ್ತದೆ. ಘಟ್ಟದ ಬುಡದ ಸೋಮೇಶ್ವರದಿಂದ 14 ತಿರುವು ಹತ್ತಿದರೆ ಆಗುಂಬೆ. ಅದರ ಎತ್ತರ 600 ಮೀಟರಿಗೂ ಹೆಚ್ಚು. 12 ಕಿ.ಮೀ. ಬದಿಯ ಒಂದೇ ಚೌಕದೊಳಗೆ ಇವೆರಡೂ ಬಂದರೆ ಎರಡಕ್ಕೂ ಒಂದೇ ಸರಾಸರಿ ಎತ್ತರ. ಅರಬ್ಬಿ ಸಮುದ್ರದ ಮೋಡವನ್ನು ತಡೆದು ಮಳೆ ಸುರಿಸುವ ಕಡಿದಾದ ಗೋಡೆ ಲೆಕ್ಕದಲ್ಲಿ ಸೌಮ್ಯ ಇಳಿಜಾರಾಗಿಬಿಡುತ್ತದೆ. ಬದಿಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಲೆಕ್ಕ ಹಳಿ ತಪ್ಪದಿರಲು ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ 8 ಪಟ್ಟು ಹೆಚ್ಚುತ್ತದೆ.

ಇಷ್ಟು ಕೆಲಸ ಒಬ್ಬರಿಂದಾಗದು ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲೇ ಕಂಡಿದ್ದರು. ದೊಡ್ಡ ಸಭಾಂಗಣದಲ್ಲಿ 64,000 ಜನ ಕುಳಿತು, ತಮ್ಮ ಪಾಲಿನ ಪ್ರದೇಶದ ಲೆಕ್ಕ ಮಾಡುತ್ತಾ, ನೆರೆಯವರಿಗೆ ಅಂಕಿಗಳನ್ನು ದಾಟಿಸುವ ಚಿತ್ರವನ್ನು ಅವರು ಕಲ್ಪಿಸಿದರು. ಇಂದಿನ ಸೂಪರ್‌ಕಂಪ್ಯೂಟರ್ ಮಾಡುವುದೂ ಇದನ್ನೇ; ಮನುಷ್ಯರ ಜಾಗದಲ್ಲಿ ಪ್ರೊಸೆಸರ್‌ಗಳಿವೆ. 1950ರಲ್ಲಿ ಎನಿಯಾಕ್ ಎಂಬ ಆರಂಭಿಕ ಕಂಪ್ಯೂಟರ್ 24 ಗಂಟೆಗಳ ಮುನ್ಸೂಚನೆ ಕೊಡಲು ಹೆಚ್ಚುಕಡಿಮೆ 24 ಗಂಟೆಯನ್ನೇ ತೆಗೆದುಕೊಂಡಿತ್ತು.

ಕೆಲಸ ಹಂಚುವುದರಲ್ಲೇ ಕಷ್ಟವಿದೆ. ಪ್ರತಿ ಪ್ರೊಸೆಸರ್‌ಗೂ ನಕ್ಷೆಯ ಒಂದು ತುಂಡು ಸಿಗುತ್ತದೆ; ಅದರ ಅಂಚಿನ ಚೌಕಕ್ಕೆ ಪಕ್ಕದ ತುಂಡಿನ ಅಂಕಿ ಬೇಕು. ಪ್ರತಿ ಹೆಜ್ಜೆಯಲ್ಲೂ ಅದನ್ನು ತರಿಸಿಕೊಳ್ಳಬೇಕು. ಒಂದು ಪ್ರೊಸೆಸರ್‌ಗೆ ಉದ್ದಗಲ 100 ಚೌಕಗಳ ತುಂಡು ಕೊಟ್ಟರೆ 10,000 ಚೌಕಗಳಲ್ಲಿ ಅಂಚಿನವು 396, ಅಂದರೆ ಸುಮಾರು ಶೇ 4. ಉದ್ದಗಲ 10 ಚೌಕಗಳ ತುಂಡಾದರೆ 100ರಲ್ಲಿ 36 ಅಂಚಿನಲ್ಲೇ ಇರುತ್ತವೆ. ಹೆಚ್ಚು ಪ್ರೊಸೆಸರ್‌ಗಳಿಗೆ ಹಂಚಿದಷ್ಟೂ ಲೆಕ್ಕಕ್ಕಿಂತ ಮಾತುಕತೆಯೇ ಜಾಸ್ತಿಯಾಗುತ್ತದೆ. ಹೊರೆಯೂ ಸಮನಾಗಿರುವುದಿಲ್ಲ: ಮೋಡ ಕವಿದ ಪ್ರದೇಶಕ್ಕೆ ಲೆಕ್ಕ ಹೆಚ್ಚು, ಒಣ ಪ್ರದೇಶಕ್ಕೆ ಕಡಿಮೆ. ಗದ್ದೆಯಲ್ಲಿ ಸಾಲಾಗಿ ನಾಟಿ ಮಾಡುವವರಲ್ಲಿ ಒಬ್ಬರು ಹಿಂದೆ ಬಿದ್ದರೆ ಇಡೀ ಸಾಲು ಕಾಯುವಂತೆ, ನಿಧಾನವಾದ ಒಂದು ಪ್ರೊಸೆಸರ್ ಉಳಿದೆಲ್ಲವನ್ನೂ ಕಾಯಿಸುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟ ವಾದ ಇನ್ನೂ ಕಠಿಣ: ಕೆಲಸದ ಶೇ 5ರಷ್ಟು ಭಾಗ ಹಂಚಲಾಗದ್ದಾದರೆ, ಲಕ್ಷ ಪ್ರೊಸೆಸರ್ ಜೋಡಿಸಿದರೂ ಅದೇ ಕೆಲಸದ ವೇಗ 20 ಪಟ್ಟು ದಾಟದು.

ಭಾರತದಲ್ಲಿ ಕೆಲಸ ಹಂಚಿ ಲೆಕ್ಕ ಹಾಕುವ ಈ ವಿದ್ಯೆಗೆ ಬೆಂಗಳೂರಿನ ನಂಟು ಹಳೆಯದು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲಿ ಕೈಗೆತ್ತಿಕೊಂಡ ಫ್ಲೋಸಾಲ್ವರ್, ದೇಶದ ಮೊದಮೊದಲ ಸಮಾಂತರ ಕಂಪ್ಯೂಟರ್‌ಗಳಲ್ಲಿ ಒಂದು. ಮುಂದೆ ಅದನ್ನು ಮುಂಗಾರಿನ ಲೆಕ್ಕಕ್ಕೂ ಬಳಸಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪುಣೆಯಲ್ಲಿ 11.77 ಪೆಟಾಫ್ಲಾಪ್ (ಲೆಕ್ಕದ ವೇಗದ ಅಳತೆ) ಸಾಮರ್ಥ್ಯದ ‘ಅರ್ಕಾ’, ನೊಯಿಡಾದಲ್ಲಿ 8.24 ಪೆಟಾಫ್ಲಾಪ್‌ನ ‘ಅರುಣಿಕಾ’ ಎಂಬ ಹವಾಮಾನ ಸೂಪರ್‌ಕಂಪ್ಯೂಟರ್‌ಗಳು ಉದ್ಘಾಟನೆಯಾದವು. 2025ರ ಮೇ ತಿಂಗಳಲ್ಲಿ ಬಂದ ಹವಾಮಾನ ಮಾದರಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಚೌಕದ ಬದಿಯನ್ನು 12 ಕಿ.ಮೀ.ಯಿಂದ 6 ಕಿ.ಮೀ.ಗೆ ಇಳಿಸಿತು. ಇದು ನಿಜಕ್ಕೂ ದೊಡ್ಡ ಮುನ್ನಡೆ.

ಆದರೆ 6 ಕಿ.ಮೀ. ಬದಿಯ ಚೌಕವೂ 36 ಚದರ ಕಿ.ಮೀ. ಆವರಿಸುತ್ತದೆ. ಘಟ್ಟದ ಒಂದೊಂದು ಕಣಿವೆ, ನಗರದ ಒಂದೊಂದು ರಾಜಕಾಲುವೆ ಅದರಲ್ಲಿ ಕಾಣುವುದಿಲ್ಲ. ಅಷ್ಟು ಸೂಕ್ಷ್ಮಕ್ಕೆ ಇಳಿಯಲು ಯಂತ್ರ ಕೊಂಡರೆ ಸಾಲದು; ಕೆಲಸವನ್ನು ಜಾಣತನದಿಂದ ಹಂಚುವ ತಂತ್ರಾಂಶ ಬೇಕು, ಅದನ್ನು ಬರೆಯುವ, ವರ್ಷಗಟ್ಟಲೆ ತಿದ್ದುವ ಪರಿಣತರು ಬೇಕು. ಫಲಿತಾಂಶವನ್ನು ಒರೆಗೆ ಹಚ್ಚಲು ನೆಲದ ಅಂಕಿಅಂಶವೂ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ದೂರಮಾಪನ ಮಳೆಮಾಪಕಗಳಿವೆ. ಆ ಸಂಪತ್ತು ಮಾದರಿ ಕಟ್ಟುವವರ ಕೈಗೆ ಸಲೀಸಾಗಿ ಸಿಗಬೇಕು. ಯಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಬಲ್ಲವರ ತಂಡ ಹಾಗಲ್ಲ. ಮುಂದಿನ ಸೂಪರ್‌ಕಂಪ್ಯೂಟರಿಗೆ ಹಣ ತೆಗೆದಿಡುವಾಗ ಈ ತಂಡಕ್ಕೂ ಪಾಲು ಇಡುವುದೇ ವಿವೇಕ.