ಜಿಕೆ ಫಾರ್ವರ್ಡ್‌ಗಳ ಒಂದು ಸಾಲಿನ ವಿಜ್ಞಾನ: ಯಾವುದು ತಪ್ಪು, ಯಾವುದು ಅರ್ಧ ಸರಿ?

ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಸಾಕು, ಫೋನ್‌ಗೆ ಪಿಡಿಎಫ್‌ಗಳ ಸುರಿಮಳೆ ಶುರು. ‘ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ ಎಲ್ಲಕ್ಕೂ ಉಪಯುಕ್ತ’, ‘ಈ 100 ಪ್ರಶ್ನೆ ಓದಿದರೆ ಸಾಮಾನ್ಯ ವಿಜ್ಞಾನ ಮುಗಿಯಿತು’, ‘ಓದುವ ಗೆಳೆಯರಿಗೆಲ್ಲ ಕಳುಹಿಸಿ’. ಒಳ್ಳೆಯ ಮನಸ್ಸಿನಿಂದಲೇ ನಾವು ಇವನ್ನು ಮುಂದಕ್ಕೆ ತಳ್ಳುತ್ತೇವೆ. ಆದರೆ ಅದರಲ್ಲಿರುವ ಉತ್ತರಗಳನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ?

ಇಂಥ ಪಟ್ಟಿಗಳಲ್ಲಿ ಬಹುಪಾಲು ಸಾಲುಗಳು ಸರಿಯಾಗಿಯೇ ಇರುತ್ತವೆ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಎಂಬುದರಲ್ಲಿ ತಕರಾರಿಲ್ಲ. ತೊಂದರೆ ಕೊಡುವುದು ಉಳಿದ ಸಾಲುಗಳು. ಕೆಲವು ಪೂರ್ತಿ ತಪ್ಪು. ಇನ್ನು ಕೆಲವು ಅರ್ಧ ಸರಿ. ಅಂದರೆ ‘ಇಂಥ ಸಂದರ್ಭದಲ್ಲಿ ಮಾತ್ರ’ ಎಂಬ ಷರತ್ತು ಉದುರಿಹೋಗಿ, ಉತ್ತರ ಮಾತ್ರ ಉಳಿದುಕೊಂಡಿರುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರು ಎಷ್ಟೋ ಸಲ ಆ ಷರತ್ತನ್ನೇ ಕೇಳುತ್ತಾರೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಡಿತವಾಗುತ್ತದೆ. ಇನ್ನು ಕೆಲವು ಸಾಲುಗಳಲ್ಲಿ ಹೋಗುವುದು ಅಂಕವಷ್ಟೇ ಅಲ್ಲ.

ಹೆಚ್ಚಾಗಿ ಹರಿದಾಡುವ ಕೆಲವು ಸಾಲುಗಳನ್ನು ಒಂದೊಂದಾಗಿ ನೋಡೋಣ.

‘ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ’

ಅರ್ಧ ಸರಿ. ಸಮುದ್ರಮಟ್ಟದ ವಾಯುಒತ್ತಡದಲ್ಲಿ, ಅಂದರೆ 760 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ, ಶುದ್ಧ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಒತ್ತಡ ಕಡಿಮೆಯಾದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಡಿಗ್ರಿಯ ಆಸುಪಾಸಿನಲ್ಲೇ ಕುದಿ ಬಂದುಬಿಡುತ್ತದೆ. ಅದಕ್ಕೇ ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ.

ಪ್ರೆಶರ್ ಕುಕ್ಕರ್ ಇದರ ತದ್ವಿರುದ್ಧ. ಒಳಗಿನ ಒತ್ತಡ ಹೆಚ್ಚಿ, ನೀರು ಸುಮಾರು 120 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುತ್ತದೆ. ‘ಬೆಟ್ಟದ ಮೇಲೆ ಅಡುಗೆ ಏಕೆ ತಡವಾಗುತ್ತದೆ?’, ‘ಕುಕ್ಕರ್‌ನಲ್ಲಿ ಏಕೆ ಬೇಗ ಬೇಯುತ್ತದೆ?’ ಎಂಬ ಎರಡು ಪ್ರಶ್ನೆಗೂ ಉತ್ತರ ಒಂದೇ. ಅದು ಇರುವುದು ‘100’ ಎಂಬ ಸಂಖ್ಯೆಯಲ್ಲಲ್ಲ, ಒತ್ತಡದಲ್ಲಿ.

‘ಆಕಾಶ ನೀಲಿಯಾಗಿ ಕಾಣಲು ರಾಮನ್ ಪರಿಣಾಮ ಕಾರಣ’

ತಪ್ಪು. ಸೂರ್ಯನ ಬೆಳಕು ಗಾಳಿಯ ಅಣುಗಳಿಗೆ ತಾಗಿದಾಗ, ಕಡಿಮೆ ತರಂಗದೂರದ ನೀಲಿ ಬೆಳಕು ಕೆಂಪಿಗಿಂತ ಬಹಳ ಹೆಚ್ಚು ಚದುರುತ್ತದೆ. ಇದನ್ನು ವಿವರಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲೀ, 1871ರಲ್ಲಿ. ಅದಕ್ಕೇ ಇದರ ಹೆಸರು ರೇಲೀ ಚದುರುವಿಕೆ. ಇಲ್ಲಿ ಬೆಳಕಿನ ದಿಕ್ಕು ಬದಲಾಗುತ್ತದೆ, ತರಂಗದೂರ ಬದಲಾಗುವುದಿಲ್ಲ.

ಹಾಗಾದರೆ ರಾಮನ್ ಹೆಸರು ಇದರೊಳಗೆ ಹೇಗೆ ಸೇರಿಕೊಂಡಿತು? 1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಪ್ರಯಾಣಿಸುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಗಮನ ಸೆಳೆಯಿತು. ಕಡಲಿನ ನೀಲಿ ಬರೀ ಆಕಾಶದ ಪ್ರತಿಫಲನ ಎಂಬ ವಿವರಣೆಯನ್ನು ಅವರು ಒಪ್ಪಲಿಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಅದೇ ಹಾದಿಯಲ್ಲಿ ಮುಂದುವರಿದು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡುಕೊಂಡರು. ಚದುರಿದ ಬೆಳಕಿನ ಅತ್ಯಲ್ಪ ಭಾಗದ ತರಂಗದೂರವೇ ಬದಲಾಗುತ್ತದೆ ಎಂಬುದು ಆ ಶೋಧ. ನೀಲಿ, ಕಡಲು, ಚದುರುವಿಕೆ ಎಲ್ಲವೂ ಒಂದೇ ಕಥೆಯಲ್ಲಿ ಬರುವುದರಿಂದ ಒಂದು ಸಾಲಿಗೆ ಇಳಿಸುವಾಗ ಗೋಜಲಾಗಿದೆ.

ಇನ್ನೊಂದು ಸಾಮಾನ್ಯ ತಪ್ಪು: ಫೆಬ್ರವರಿ 28, ಅಂದರೆ ರಾಷ್ಟ್ರೀಯ ವಿಜ್ಞಾನ ದಿನ, ರಾಮನ್ ಹುಟ್ಟುಹಬ್ಬವಲ್ಲ. ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು. ನೊಬೆಲ್ ಬಂದದ್ದು 1930ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಅವರು ಬಂದದ್ದು 1933ರಲ್ಲಿ. ನಾಲ್ಕು ಆಪ್ಷನ್‌ಗಳಲ್ಲಿ ಈ ಇಸವಿಗಳನ್ನು ಅದಲುಬದಲು ಮಾಡಿ ಕೇಳುವುದು ಸುಲಭ.

‘ಅರಳಿ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ’

ತಪ್ಪು. ಗಿಡಗಳು ಆಮ್ಲಜನಕ ಬಿಡುವುದು ದ್ಯುತಿಸಂಶ್ಲೇಷಣೆಯಲ್ಲಿ, ನೀರಿನ ಅಣು ಒಡೆದಾಗ. ಅದಕ್ಕೆ ಬೆಳಕು ಬೇಕೇ ಬೇಕು. ರಾತ್ರಿ ಅರಳಿಯೂ ಉಳಿದ ಮರಗಳಂತೆ ಉಸಿರಾಡುತ್ತದೆ: ಆಮ್ಲಜನಕ ಒಳಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ. ಕಳ್ಳಿ, ಅನಾನಸ್, ಕತ್ತಾಳೆಯಂಥ ಕೆಲವು ಸಸ್ಯಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ, ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುವುದು ನಿಜ. ಆದರೆ ಅವೂ ಆಮ್ಲಜನಕ ಬಿಡುವುದು ಬೆಳಕಿದ್ದಾಗಲೇ.

ಇದರ ಇನ್ನೊಂದು ಬದಿಯೂ ಗ್ರೂಪ್‌ಗಳಲ್ಲಿ ಓಡಾಡುತ್ತದೆ: ‘ರಾತ್ರಿ ಮರದ ಕೆಳಗೆ ಮಲಗಿದರೆ ಉಸಿರುಗಟ್ಟುತ್ತದೆ’. ಬಯಲಿನಲ್ಲಿ ಗಾಳಿ ಓಡಾಡುತ್ತಲೇ ಇರುತ್ತದೆ, ಮರ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಂತು ಯಾರನ್ನೂ ಉಸಿರುಗಟ್ಟಿಸುವುದಿಲ್ಲ. ಅರಳಿಕಟ್ಟೆಯ ಮೇಲಿನ ಗೌರವಕ್ಕೆ ಬೇರೆ ಕಾರಣಗಳಿರಲಿ, ಉತ್ತರಪತ್ರಿಕೆಯಲ್ಲಿ ಮಾತ್ರ ಈ ಆಪ್ಷನ್ ಬೇಡ.

‘ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ’

ತಪ್ಪು, ಅದೂ ತುಂಬಾ ಹಳೆಯದು. 1901ರಲ್ಲಿ ಜರ್ಮನಿಯ ಡೇವಿಡ್ ಹ್ಯಾನಿಗ್ ನಾಲಿಗೆಯ ಬೇರೆ ಬೇರೆ ಜಾಗಗಳ ಸಂವೇದನೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದೆ ಎಂದು ಬರೆದರು. 1942ರಲ್ಲಿ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನು ತೋರಿಸಿದ ರೀತಿಯಿಂದ, ಒಂದೊಂದು ರುಚಿಗೆ ಒಂದೊಂದು ಜಾಗ ಎಂಬ ನಕಾಶೆಯೇ ಹುಟ್ಟಿಕೊಂಡಿತು. ವಾಸ್ತವದಲ್ಲಿ ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ತಿಳಿಯುತ್ತವೆ. ಮನೆಯಲ್ಲೇ ಪರೀಕ್ಷಿಸಬಹುದು: ಚೂರು ಉಪ್ಪನ್ನು ನಾಲಿಗೆಯ ತುದಿಗೆ ಮಾತ್ರ ಇಟ್ಟು ನೋಡಿ.

‘ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ’

ತಪ್ಪು. 2025ರಲ್ಲಿ ಶುಭಾಂಶು ಶುಕ್ಲಾ ಹೋಗಿಬಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮಿಂದ ಸುಮಾರು 400 ಕಿಲೋಮೀಟರ್ ಮೇಲಿದೆ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಶೇ 90ರಷ್ಟಿದೆ. ಸೆಳೆತವೇ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ, ನೇರವಾಗಿ ಹೊರಟುಹೋಗುತ್ತಿತ್ತು. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೇ ಭೂಮಿಯ ಕಡೆಗೆ ಬೀಳುತ್ತಲೇ ಇದ್ದಾರೆ. ಜೊತೆಗೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೂ ಸಾಗುತ್ತಿರುವುದರಿಂದ ನೆಲ ಸಿಗುವುದೇ ಇಲ್ಲ. ಇಬ್ಬರೂ ಒಂದೇ ರೀತಿ ಬೀಳುವಾಗ ತೂಕ ಅನುಭವಕ್ಕೆ ಬರುವುದಿಲ್ಲ.

‘ಒ ನೆಗೆಟಿವ್ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದು’

ಅರ್ಧ ಸರಿ. ಇಲ್ಲಿ ಸ್ವಲ್ಪ ನಿಧಾನಿಸೋಣ.

ರಕ್ತದ ಗುಂಪುಗಳನ್ನು 1901ರಲ್ಲಿ ತಿಳಿಸಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರಿಗೂ ನೊಬೆಲ್ ಬಂದದ್ದು ರಾಮನ್ ಅವರಿಗೆ ಬಂದ 1930ರಲ್ಲೇ, ವೈದ್ಯಕೀಯ ವಿಭಾಗದಲ್ಲಿ. ಒ ನೆಗೆಟಿವ್‌ನವರ ಕೆಂಪು ರಕ್ತಕಣಗಳ ಮೇಲೆ ಎ, ಬಿ ಮತ್ತು ಆರ್‌ಎಚ್-ಡಿ ಪ್ರತಿಜನಕಗಳು ಇರುವುದಿಲ್ಲ. ಹೀಗಾಗಿ ಗುಂಪು ಪತ್ತೆ ಮಾಡುವಷ್ಟೂ ಸಮಯವಿಲ್ಲದ ತುರ್ತಿನಲ್ಲಿ ಈ ಕೆಂಪು ಕಣಗಳನ್ನು ಬಳಸುತ್ತಾರೆ. ಮೊದಲ ಷರತ್ತು ಇಲ್ಲೇ ಇದೆ: ಈ ಮಾತು ಕೆಂಪು ಕಣಗಳಿಗೆ ಮಾತ್ರ. ಪ್ಲಾಸ್ಮಾದ ಲೆಕ್ಕ ತಿರುಗುಮುರುಗು. ಎ, ಬಿ ಎರಡಕ್ಕೂ ಪ್ರತಿಕಾಯಗಳಿಲ್ಲದ ಎಬಿ ಗುಂಪಿನ ಪ್ಲಾಸ್ಮಾ ಎಲ್ಲ ಗುಂಪಿನವರಿಗೂ ಹೊಂದುತ್ತದೆ.

ಎರಡನೇ ಷರತ್ತಿಗೆ ನಮ್ಮ ದೇಶದ ನಂಟಿದೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಗುಂಪು ‘ಬಾಂಬೆ ಬ್ಲಡ್ ಗ್ರೂಪ್’. ಎ, ಬಿ ಪ್ರತಿಜನಕಗಳು ‘ಎಚ್’ ಎಂಬ ಬುನಾದಿಯ ಮೇಲೆ ಕಟ್ಟಿಕೊಳ್ಳುತ್ತವೆ. ಒ ಗುಂಪಿನವರಲ್ಲೂ ಎಚ್ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೇ ಇರುವುದಿಲ್ಲ, ಬದಲಿಗೆ ಎಚ್ ವಿರುದ್ಧ ಪ್ರತಿಕಾಯಗಳಿರುತ್ತವೆ. ಪೂರ್ಣ ಪರೀಕ್ಷೆ ಮಾಡದಿದ್ದರೆ ಇವರ ಗುಂಪು ‘ಒ’ ಎಂದೇ ಕಾಣುತ್ತದೆ. ಇವರಿಗೆ ಒ ರಕ್ತ ಕೊಟ್ಟರೆ ದೇಹ ಅದನ್ನು ನಾಶಮಾಡತೊಡಗುತ್ತದೆ, ಜೀವಕ್ಕೇ ಅಪಾಯ. ಇವರಿಗೆ ಬಾಂಬೆ ಗುಂಪಿನ ರಕ್ತವೇ ಬೇಕು.

ಅದಕ್ಕೇ ರಕ್ತ ಕೊಡುವ ಮೊದಲು ದಾನಿಯ ಮತ್ತು ರೋಗಿಯ ರಕ್ತವನ್ನು ಹೊಂದಿಸಿ ನೋಡುವ ಕ್ರಾಸ್ ಮ್ಯಾಚಿಂಗ್ ನಡೆಯುತ್ತದೆ. ‘ಒ ನೆಗೆಟಿವ್ ತಾನೇ, ಪರೀಕ್ಷೆ ಯಾಕೆ, ತಡ ಯಾಕೆ?’ ಎಂದು ಆಸ್ಪತ್ರೆಯಲ್ಲಿ ಒತ್ತಾಯಿಸುವಂತೆ ಮಾಡಬಲ್ಲದು ಈ ಒಂದು ಸಾಲಿನ ಫಾರ್ವರ್ಡ್. ಆ ತೀರ್ಮಾನ ವೈದ್ಯರದ್ದಾಗಿರಲಿ.

‘ಅಡುಗೆ ಅನಿಲ ಎಂದರೆ ಮೀಥೇನ್, ಅದಕ್ಕೆ ಕೆಟ್ಟ ವಾಸನೆ ಇದೆ’

ಎರಡೂ ತಪ್ಪು. ಸಿಲಿಂಡರ್‌ನಲ್ಲಿರುವ ಎಲ್‌ಪಿಜಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಪೈಪ್‌ನಲ್ಲಿ ಬರುವ ಪಿಎನ್‌ಜಿ, ವಾಹನಗಳ ಸಿಎನ್‌ಜಿ ಮುಖ್ಯವಾಗಿ ಮೀಥೇನ್. ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಭಾಗವೂ ಮೀಥೇನ್. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ.

ಪರೀಕ್ಷೆಗೂ ಮನೆಗೂ ಒಟ್ಟಿಗೇ ಬೇಕಾದ ವಿಷಯ ಮುಂದಿನದು. ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಮೂಲೆ, ಮೋರಿಗಳಲ್ಲಿ ತಂಗುತ್ತದೆ. ಆದ್ದರಿಂದ ಎಲ್‌ಪಿಜಿ ವಾಸನೆ ಬಂದಾಗ ಮೇಲಿನ ಕಿಟಕಿ ತೆರೆದರಷ್ಟೇ ಸಾಲದು, ಬಾಗಿಲುಗಳನ್ನೂ ತೆರೆಯಬೇಕು. ರೆಗ್ಯುಲೇಟರ್ ಬಂದ್ ಮಾಡಿ. ದೇವರ ದೀಪವೂ ಸೇರಿ ಉರಿಯುವುದನ್ನೆಲ್ಲ ಆರಿಸಿ. ಲೈಟ್, ಫ್ಯಾನ್, ಎಕ್ಸಾಸ್ಟ್ ಫ್ಯಾನ್ ಸ್ವಿಚ್‌ಗಳನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ, ಸ್ವಿಚ್‌ನೊಳಗಿನ ಸಣ್ಣ ಕಿಡಿಯೇ ಸಾಕು. ಮನೆಯವರನ್ನೆಲ್ಲ ಹೊರಗೆ ಕರೆತಂದು ಅಲ್ಲಿಂದಲೇ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಷರತ್ತು ಉದುರಿಹೋದ ಇನ್ನಷ್ಟು ಸಾಲುಗಳು

• ‘ಮನುಷ್ಯನ ದೇಹದಲ್ಲಿ 206 ಮೂಳೆಗಳಿವೆ.’ ವಯಸ್ಕರಲ್ಲಿ ಮಾತ್ರ. ಹುಟ್ಟಿದ ಮಗುವಿನಲ್ಲಿ ಇದಕ್ಕಿಂತ ಹೆಚ್ಚಿದ್ದು, ಬೆಳೆಯುತ್ತಾ ಕೆಲವು ಕೂಡಿಕೊಳ್ಳುತ್ತವೆ.

• ‘ಬಿಸಿಲಿನಲ್ಲಿ ವಿಟಮಿನ್ ಡಿ ಇದೆ.’ ಬಿಸಿಲಿನಲ್ಲಿಲ್ಲ. ಅದರ ನೇರಳಾತೀತ ಕಿರಣ ತಾಗಿದಾಗ ನಮ್ಮ ಚರ್ಮವೇ ಅದನ್ನು ತಯಾರಿಸುತ್ತದೆ.

• ‘ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ.’ ಅಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ನಾವು ಚಳಿ ಕಾಯಿಸಿಕೊಳ್ಳುವಾಗ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ.

• ‘ರಕ್ತನಾಳದಲ್ಲಿ ನೀಲಿ ರಕ್ತವಿದೆ.’ ಇಲ್ಲ. ಆಮ್ಲಜನಕ ಕಡಿಮೆಯಿರುವ ರಕ್ತ ಕಡುಗೆಂಪು. ಚರ್ಮದ ಮೂಲಕ ನೋಡುವಾಗ ನಾಳ ನೀಲಿಯಾಗಿ ಕಾಣುತ್ತದೆ, ಅಷ್ಟೆ.

ಹಾಗಾದರೆ ಓದುವುದು ಹೇಗೆ?

ಫಾರ್ವರ್ಡ್‌ಗಳನ್ನು ಓದಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಕೂತು ನೆನಪು ಮಾಡಿಕೊಳ್ಳಲು ಅವು ಚೆನ್ನಾಗಿವೆ. ಆದರೆ ಮೊದಲ ಓದು 6ರಿಂದ 10ನೇ ತರಗತಿಯ ವಿಜ್ಞಾನ ಪಠ್ಯಪುಸ್ತಕಗಳಿಂದಾಗಲಿ. ನಂತರ ಪಟ್ಟಿಯ ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿ: ‘ಏಕೆ?’ ಮತ್ತು ‘ಯಾವಾಗ ಹೀಗಾಗುವುದಿಲ್ಲ?’ ಉತ್ತರ ಹೊಳೆಯದಿದ್ದರೆ ಆ ಸಾಲು ನಿಮಗೆ ಇನ್ನೂ ಬಂದಿಲ್ಲ ಎಂದರ್ಥ. ಮತ್ತೆ ಪುಸ್ತಕ ತೆರೆಯಿರಿ.

ಇನ್ನೊಂದು ಮಾತು. ಪರೀಕ್ಷೆಯ ನಂತರ ಕೀ ಉತ್ತರಗಳು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡುತ್ತಾರೆ. ಆಗ ಬೇಕಾಗುವುದು ಪಠ್ಯಪುಸ್ತಕದಂಥ ಆಧಾರ. ‘ನಮ್ಮ ಗ್ರೂಪ್‌ನಲ್ಲಿ ಹೀಗೆ ಬಂದಿತ್ತು’ ಎಂಬುದು ಅಲ್ಲಿ ನಡೆಯುವುದಿಲ್ಲ.

ಮುಂದಿನ ಸಲ ‘100 ಪ್ರಶ್ನೆ’ ಪಿಡಿಎಫ್ ಬಂದಾಗ ಹಂಚುವ ಮೊದಲು ಅದರಲ್ಲಿ ಐದು ಸಾಲುಗಳನ್ನಾದರೂ ಪುಸ್ತಕದ ಜೊತೆ ತಾಳೆ ನೋಡಿ. ತಪ್ಪು ಸಿಕ್ಕಿದರೆ, ಕಳುಹಿಸಿದವರಿಗೆ ಆ ಪುಟದ ಫೋಟೊ ತೆಗೆದು ಕಳುಹಿಸಿ. ಅವರೂ ಅದೇ ಪರೀಕ್ಷೆಗೆ ಓದುತ್ತಿರಬಹುದು.