ದಪ್ಪ ಪುಸ್ತಕದ ಭಯ

ದಾವಣಗೆರೆಯ ಆನೆಕೊಂಡದಿಂದ ಸೋದರಿಯೊಬ್ಬರು ತಮ್ಮ ಎಂಟು ವರ್ಷದ ಮಗನ ವಿಷಯವಾಗಿ ಸಲಹೆ ಕೇಳಿದ್ದಾರೆ. ಸಣ್ಣ ಚಿತ್ರಪುಸ್ತಕಗಳನ್ನು ಒಂದೇ ಉಸಿರಿಗೆ ಓದಿ ಮುಗಿಸುವ ಹುಡುಗ, ದಪ್ಪ ಪುಸ್ತಕವನ್ನು ಕೈಗಿತ್ತರೆ ಕೊನೆಯ ಪುಟದ ಸಂಖ್ಯೆಯನ್ನು ನೋಡಿ ಕೆಳಗಿಟ್ಟುಬಿಡುತ್ತಾನಂತೆ. "ಈ ವಯಸ್ಸಿಗೆ ನಿನ್ನ ಅಕ್ಕ ಎಷ್ಟೆಲ್ಲ ಓದಿದ್ದಳು!" ಎಂದು ಮನೆಯವರು ಆಡಿದಂದಿನಿಂದ ಸಣ್ಣ ಪುಸ್ತಕಗಳನ್ನೂ ಮುಟ್ಟುತ್ತಿಲ್ಲವಂತೆ.

ಸೋದರಿ, ಮೊದಲು ಆ ಹೋಲಿಕೆಯನ್ನು ನಿಲ್ಲಿಸಿ. ಹುಡುಗನಲ್ಲಿರುವುದು ಸೋಮಾರಿತನವಲ್ಲ, ಭಯ. ಒತ್ತಕ್ಷರಗಳನ್ನು ಇನ್ನೂ ತಡೆತಡೆದು ಓದುವ ಮಗುವಿಗೆ ಒಂದು ಪುಟವೇ ಒಂದು ಗಾವುದ. ನೂರು ಪುಟಗಳನ್ನು ಕಂಡು ಅದು ಎದೆಗುಂದುವುದು ಸಹಜ. ಆದರೆ "ಇದು ನನ್ನಿಂದಾಗದು" ಎಂಬ ಭಾವನೆ ಈಗಲೇ ಬೇರೂರಿದರೆ ಮುಂದೆ ಅದನ್ನು ಕೀಳುವುದು ಕಷ್ಟ.

ನಿಮ್ಮಲ್ಲಿನ ಚಾಲುಕ್ಯ ಶೈಲಿಯ ಈಶ್ವರ ದೇವಾಲಯಕ್ಕೆ ಮಗುವನ್ನು ಕರೆದೊಯ್ದರೆ, ಕೆತ್ತನೆಗಳನ್ನೆಲ್ಲ ಒಮ್ಮೆಗೇ ನೋಡಿ ಮುಗಿಸೆಂದು ಯಾರೂ ಹೇಳುವುದಿಲ್ಲ. ಪುಸ್ತಕಕ್ಕೆ ಮಾತ್ರ ಆ ಅವಸರವೇಕೆ? ವಾರಪತ್ರಿಕೆಯ ಧಾರಾವಾಹಿಯನ್ನು ಓದುವ ನಾವು ಕಾದಂಬರಿಯ ಒಟ್ಟು ಪುಟಗಳನ್ನು ಎಣಿಸುತ್ತೇವೆಯೆ? "ಮುಂದೇನಾಯಿತು?" ಎಂಬ ಕುತೂಹಲವೇ ನಮ್ಮನ್ನು ವಾರದಿಂದ ವಾರಕ್ಕೆ ಕರೆದೊಯ್ಯುತ್ತದೆ. ಮಗುವಿಗೂ ಇದೇ ಉಪಾಯ. ರಾತ್ರಿ ಊಟವಾದ ಮೇಲೆ ಮೊದಲ ಅಧ್ಯಾಯವನ್ನು ನೀವೇ ಓದಿ ಹೇಳಿ. ಕುತೂಹಲ ಕೆರಳಿದ ಕಡೆ ನಿಲ್ಲಿಸಿ, ಪುಸ್ತಕವನ್ನು ಅವನ ತಲೆದಿಂಬಿನ ಬಳಿ ಇಟ್ಟುಬನ್ನಿ. ಕ್ರಮೇಣ ಒಂದು ಪುಟ ನಿಮ್ಮದು, ಒಂದು ಪುಟ ಅವನದು ಎಂದಾಗಲಿ. ಅಕ್ಕನಿಗೂ ಒಂದು ಕೆಲಸ ಕೊಡಿ: ಅವನು ಓದುವಾಗ ತಿದ್ದದೆ ಕೇಳುವುದು.

ಪುಸ್ತಕದ ಆಯ್ಕೆಯಲ್ಲಿಯೂ ಮೆಟ್ಟಿಲುಗಳಿರಬೇಕು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ದೀರ್ಘವಾದರೂ ಪದ್ಯದ ನಡೆಯೇ ಮಗುವನ್ನು ಎತ್ತಿಕೊಂಡು ಹೋಗುತ್ತದೆ. ಅನಂತರ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕಥೆ' (1991) ಬರಲಿ. ಅದರ ಒಂದೊಂದು ಅಧ್ಯಾಯವೂ ಅಷ್ಟಕ್ಕೇ ಪೂರ್ಣ. ಆದರೂ ಕಿವಿ ಎಂಬ ನಾಯಿ, ಮಾರ ಮೊದಲಾದವರು ಮತ್ತೆ ಮತ್ತೆ ಎದುರಾಗುತ್ತಾರೆ. ಪರಿಚಿತರನ್ನು ಅರಸಿಕೊಂಡು ಮಗು ತಾನಾಗಿಯೇ ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ಇದೇ ಸೇತುವೆ. ಹಾರುವ ಓತಿಯನ್ನು ಹುಡುಕುತ್ತ ಕಾಡು ಸುತ್ತುವ 'ಕರ್ವಾಲೊ' (1980) ಕಾದಂಬರಿಯನ್ನು ಇನ್ನೂ ಕೆಲವು ವರ್ಷಗಳ ಮೇಲೆ ಕೊಟ್ಟರಾಯಿತು.

ಸಣ್ಣ ಪುಸ್ತಕಗಳನ್ನು ಮಾತ್ರ ಕಪಾಟಿನಿಂದ ತೆಗೆಯಬೇಡಿ. ಓದಿದ್ದನ್ನೇ ಮತ್ತೆ ಓದಿದರೆ ಕಾಲಹರಣವೆನ್ನಬೇಡಿ. ಓದಿನ ಸರಾಗ ಬರುವುದು ಅದರಿಂದಲೇ. ಎರಡು ಮೂರು ಅಧ್ಯಾಯ ಕಳೆದರೂ ರುಚಿಸದ ಪುಸ್ತಕವನ್ನು ಬಿಟ್ಟುಬಿಡಲಿ. ಬಲವಂತದಿಂದ ಮುಗಿಸಿದ ಪುಸ್ತಕ ಮುಂದಿನ ಹತ್ತು ಪುಸ್ತಕಗಳಿಗೆ ವೈರಿಯಾದೀತು.

ಒಂದು ರಾತ್ರಿ ನೀವು ದೀಪ ಆರಿಸಲು ಹೋದಾಗ "ಇನ್ನೊಂದೇ ಪುಟ, ಅಮ್ಮಾ" ಎಂದು ಅವನು ಗೋಗರೆದಾನು. ಅಂದು ಮಾತ್ರ ದಯವಿಟ್ಟು ಗದರಬೇಡಿ.